ರೂಮು ಚೆನ್ನಾಗಿದೆ ಎನ್ನುತ್ತಾರೆ, ಆದರೂ ಬಿಟ್ಟು ಹೋಗುತ್ತಾರೆ

ಪ್ರಶ್ನೆ: ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಹತ್ತಿರ ನಮ್ಮದೊಂದು ಲೈನ್ ಮನೆ ಇದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಎಂಟು ರೂಮು, ಮೇಲೆ ಸಿಮೆಂಟ್ ಶೀಟು, ಹಿಂದೆ ಎಲ್ಲರಿಗೂ ಸೇರಿ ಮೂರು ಶೌಚಾಲಯ, ಎರಡು ಬಚ್ಚಲು. ಜಾರ್ಖಂಡ್, ಪಶ್ಚಿಮ ಬಂಗಾಳದ ಹುಡುಗರು ರೂಮಿಗೆ ಐದಾರು ಮಂದಿಯಂತೆ ಇದ್ದಾರೆ. ಎರಡು ರೂಮಿನಲ್ಲಿ ಬಾಗಲಕೋಟೆ ಕಡೆಯ ಸಂಸಾರಗಳು. ಇನ್ನೆರಡನ್ನು ಕಟ್ಟಡ ಕೆಲಸದ ಕಂಟ್ರಾಕ್ಟರ್ ಒಬ್ಬರು ಹಿಡಿದು ತಮ್ಮ ಆಳುಗಳನ್ನು ಇಟ್ಟಿದ್ದಾರೆ. ಬಾಡಿಗೆ ತಲೆಲೆಕ್ಕ. ಎಂ.ಎಸ್.ಡಬ್ಲ್ಯು. ಓದುತ್ತಿರುವ ನನ್ನ ಮಗಳು ಕಾಲೇಜಿನ ಪ್ರಾಜೆಕ್ಟಿಗಾಗಿ, ಈಗಿರುವ ಮನೆಯ ಬಗ್ಗೆ ಎಷ್ಟು ತೃಪ್ತಿ ಇದೆ ಎಂದು ಒಂದರಿಂದ ಐದರವರೆಗೆ ಅಂಕ ಕೊಡಲು ಇವರನ್ನೇ ಕೇಳಿದಳು. ಬಹುತೇಕ ಎಲ್ಲರೂ ನಾಲ್ಕು, ಐದು ಕೊಟ್ಟರು. ಆದರೆ ನಾಲ್ಕೈದು ತಿಂಗಳಾಗುವುದರೊಳಗೆ ಅರ್ಧಕ್ಕರ್ಧ ಹುಡುಗರು ಬಿಟ್ಟು ಹೋಗುತ್ತಾರೆ. ಇವರಿಗೆ ತೃಪ್ತಿ ಇದೆಯೋ ಇಲ್ಲವೋ? ರಿಪೇರಿಗೆಂದು ಸ್ವಲ್ಪ ಹಣ ಎತ್ತಿಟ್ಟಿದ್ದೇನೆ. ನೆಲಕ್ಕೆ ಟೈಲ್ಸ್ ಹಾಕಿಸಿ ಪೇಂಟ್ ಹೊಡೆಸಲೇ, ಬೇರೆ ಏನಾದರೂ ಮಾಡಿಸಲೇ?

ಉತ್ತರ: ಟೈಲ್ಸ್ ಬೇಡ, ಈ ವರ್ಷ ಪೇಂಟೂ ಬೇಡ. ಆ ದುಡ್ಡು ಬಚ್ಚಲಿಗೆ, ನೀರಿಗೆ, ಮಾಡಿಗೆ (ಸೂರಿಗೆ) ಹೋಗಲಿ. ಕಾರಣ ಹೇಳುವ ಮೊದಲು ನಿಮ್ಮ ಮಗಳ ಕೈಯಲ್ಲಿರುವ ಆ ನಾಲ್ಕು, ಐದು ಅಂಕಗಳ ವಿಷಯ ಮಾತಾಡೋಣ. ಗೊಂದಲ ಹುಟ್ಟಿರುವುದೇ ಅಲ್ಲಿ.

ಹುಡುಗರು ಸುಳ್ಳು ಹೇಳಿಲ್ಲ. ಆದರೆ ಕೇಳಿದವರು ಓನರ ಮಗಳು. ಕೈಯಲ್ಲಿ ಬಾಡಿಗೆ ಕರಾರಿಲ್ಲದ, ನಾಳೆ ಖಾಲಿ ಮಾಡು ಎಂದರೆ ಮಾಡಲೇಬೇಕಾದ ಮನುಷ್ಯ ಓನರ ಮನೆಯವರೆದುರು ಎರಡು ಅಂಕ ಕೊಟ್ಟಾನೇ? ಹಾಗೆಂದು ಪರಿಚಯವೇ ಇಲ್ಲದವರು ಹೋಗಿ ಕೇಳಿದ್ದರೂ ಅಂಕ ಬಹಳ ಇಳಿಯುತ್ತಿತ್ತು ಎಂದು ನನಗನಿಸುವುದಿಲ್ಲ. ವಲಸೆ ಕಾರ್ಮಿಕರ ವಸತಿಯ ಬಗ್ಗೆ ಎಲ್ಲಿ ಕೇಳಿದರೂ ಇದೇ ತೊಡಕು ಎದುರಾಗುತ್ತದೆ. ನಮ್ಮ ಕಣ್ಣಿಗೆ ಇರಲಾಗದಂತೆ ಕಾಣುವ ಕೋಣೆಗೂ ಒಳ್ಳೆಯ ಅಂಕವೇ ಬರುತ್ತದೆ.

ಅಮೆರಿಕದ ಸಂಶೋಧಕರಾದ ಅರ್ಲ್ ಮಾರಿಸ್ ಮತ್ತು ಮೇರಿ ವಿಂಟರ್ 1970ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಪ್ರತಿಯೊಂದು ಸಂಸಾರದ ಮನಸ್ಸಿನಲ್ಲೂ ಮನೆಯೆಂದರೆ ಹೀಗಿರಬೇಕು ಎಂಬ ಒಂದು ಅಳತೆ ಇರುತ್ತದೆ. ಇರುವ ಮನೆ ಆ ಅಳತೆಗಿಂತ ಎಷ್ಟು ಕಡಿಮೆ ಬೀಳುತ್ತದೋ ಅಷ್ಟು ಅತೃಪ್ತಿ. ಅತೃಪ್ತಿ ಹೆಚ್ಚಿದಾಗ ಜನ ಮನೆ ಬದಲಿಸುತ್ತಾರೆ, ಇಲ್ಲವೇ ಇರುವ ಮನೆಯನ್ನೇ ಸರಿಪಡಿಸಿಕೊಳ್ಳುತ್ತಾರೆ. ಎರಡೂ ಸಾಧ್ಯವಿಲ್ಲದಿದ್ದರೆ ಮನಸ್ಸಿನಲ್ಲಿದ್ದ ಅಳತೆಯನ್ನೇ ಇಳಿಸಿಕೊಳ್ಳುತ್ತಾರೆ. ಈ ಕೊನೆಯದರ ಬಗ್ಗೆ ಅಮರ್ತ್ಯ ಸೇನ್ ಹಲವು ಸಲ ಎಚ್ಚರಿಸಿದ್ದಾರೆ: ಬಹುಕಾಲ ಕೊರತೆಯಲ್ಲೇ ಬಾಳಿದವರು ತಮ್ಮ ಆಸೆಯನ್ನೇ ಆ ಕೊರತೆಗೆ ಹೊಂದಿಸಿಕೊಂಡುಬಿಡುತ್ತಾರೆ, ಆದ್ದರಿಂದ ಅವರ ಬಾಯಿಂದ ಬಂದ ಸಮಾಧಾನದ ಮಾತನ್ನಷ್ಟೇ ನಂಬಿ ಅವರ ಸ್ಥಿತಿ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು.

ನಿಮ್ಮ ಹುಡುಗರ ವಿಷಯದಲ್ಲಿ ಇನ್ನೂ ಒಂದು ಸಂಗತಿ ಇದೆ. ಅವರ ಮನಸ್ಸಿನಲ್ಲಿರುವ ಮನೆ ಬೈಕಂಪಾಡಿಯಲ್ಲಿಲ್ಲ, ಊರಿನಲ್ಲಿದೆ. ಇಲ್ಲಿ ಉಳಿಸಿದ ದುಡ್ಡಿನಲ್ಲಿ ಅಲ್ಲಿ ಅಡಿಪಾಯ ಎದ್ದಿರುತ್ತದೆ, ಮುಂದಿನ ವರ್ಷಕ್ಕೆ ಗೋಡೆ, ಅದರಾಚೆ ಸ್ಲ್ಯಾಬು. ಯಾರ ಮೊಬೈಲು ಕೇಳಿ ನೋಡಿದರೂ ಅರ್ಧ ಕಟ್ಟಿದ ಮನೆಯ ಫೋಟೊ ತೋರಿಸುತ್ತಾರೆ. ಹಾಗಾಗಿ ಇಲ್ಲಿನ ರೂಮು ಅವರ ಪಾಲಿಗೆ ಕಡಿಮೆ ಮಾಡಬೇಕಾದ ಒಂದು ಖರ್ಚು. ಆ ಖರ್ಚು ಕಡಿಮೆ ಇದ್ದರೆ ನಾಲ್ಕು ಅಂಕ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಕೆಲಸ ಮುಗಿಸಿ ಅಲ್ಲೇ ಮೇಜು ಸರಿಸಿ ಮಲಗಿದವರು, ಕೊಲ್ಲಿ ದೇಶಗಳಲ್ಲಿ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆಯಷ್ಟು ಜಾಗ, ಹಿಡಿದು ವರ್ಷಗಟ್ಟಲೆ ಕಳೆದವರು ನಮ್ಮ ಮನೆಗಳಲ್ಲೇ ಇದ್ದಾರೆ. ಆಗ ಊರಿಗೆ ಬರೆದ ಕಾಗದದಲ್ಲಿ ಅವರೂ ಎಲ್ಲ ಸೌಖ್ಯ ಎಂದೇ ಬರೆದರು.

ದೊಡ್ಡ ನಗರಗಳ ವಲಸೆ ಕಾರ್ಮಿಕರ ವಸತಿಯ ಬಗ್ಗೆ ಹೆಚ್ಚಿನ ಅಧ್ಯಯನ ನಡೆದಿರುವುದು ಚೀನಾದಲ್ಲಿ. ಅಲ್ಲಿ 1958ರಿಂದ ಹುಕೌ ಎಂಬ ನೋಂದಣಿ ವ್ಯವಸ್ಥೆ ಇದೆ. ಹಳ್ಳಿಯ ನೋಂದಣಿ ಇದ್ದವರು ನಗರಕ್ಕೆ ಬಂದು ದುಡಿಯಬಹುದು, ಆದರೆ ಅಲ್ಲಿನವರಿಗೆ ಸಿಗುವ ಮನೆ, ಶಾಲೆ, ಆಸ್ಪತ್ರೆಯ ಸವಲತ್ತುಗಳು ಪೂರ್ತಿ ಸಿಗುವುದಿಲ್ಲ. ಶೆನ್‌ಝೆನ್‌ನಂಥ ನಗರದಲ್ಲಿ ಇಂಥ ಲಕ್ಷಾಂತರ ಜನ ಕಾರ್ಖಾನೆಯ ಡಾರ್ಮಿಟರಿಗಳಲ್ಲಿ, ಇಲ್ಲವೇ ನಗರ ಬೆಳೆದು ನುಂಗಿದ ಹಳೆಯ ಹಳ್ಳಿಗಳಲ್ಲಿ ರೈತರೇ ಕಟ್ಟಿಸಿದ ಬಾಡಿಗೆ ಕಟ್ಟಡಗಳಲ್ಲಿ ಇರುತ್ತಾರೆ. ಅಲ್ಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯವೆಂದರೆ, ತೃಪ್ತಿಯನ್ನು ಕೋಣೆಯ ಅಳತೆಯೊಂದೇ ನಿರ್ಧರಿಸುವುದಿಲ್ಲ. ಇಲ್ಲಿ ಎಷ್ಟು ಕಾಲ ಇರಬಹುದು, ಅಕ್ಕಪಕ್ಕದವರು ತನ್ನನ್ನು ಹೇಗೆ ಕಾಣುತ್ತಾರೆ, ಮಕ್ಕಳನ್ನು ಕರೆತರಬಹುದೇ ಎಂಬುದೂ ಅಷ್ಟೇ ತೂಗುತ್ತದೆ. ನಮ್ಮಲ್ಲಿ ಹುಕೌ ಇಲ್ಲ. ಆದರೆ ಕನ್ನಡ, ತುಳು ಬಾರದ ಹುಡುಗ ಅಂಗಡಿಯೆದುರು ಫೋನಿನಲ್ಲಿ ಬಂಗಾಳಿ ಮಾತಾಡಿದ ಮಾತ್ರಕ್ಕೆ ಯಾವ ದೇಶದವನು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ದಿನಾ ಉತ್ತರ ಕೊಡಬೇಕಾದ ಓಣಿಯಲ್ಲಿ ಎಷ್ಟು ಚಂದದ ರೂಮು ಕೊಟ್ಟರೂ ಅವನು ನಿಲ್ಲುವುದಿಲ್ಲ.

ಇನ್ನು ಬಿಟ್ಟು ಹೋಗುವ ವಿಷಯ. ಹೋದವರೆಲ್ಲ ಬೇಸರದಿಂದ ಹೋದರು ಎಂದು ತಿಳಿಯಬೇಡಿ. ಉತ್ತರ ಕರ್ನಾಟಕದವರು ಯುಗಾದಿಗೆ, ಊರ ಜಾತ್ರೆಗೆ, ಮುಂಗಾರಿನ ಬಿತ್ತನೆಗೆ ಹೋಗಿಯೇ ಹೋಗುತ್ತಾರೆ. ಜಾರ್ಖಂಡಿನವರಿಗೆ ಭತ್ತದ ನಾಟಿ, ದಸರಾ, ಛಠ್. ಬಂಗಾಳದವರಿಗೆ ಪೂಜೆ, ಈದ್, ಊರಿನ ಚುನಾವಣೆ. ನಿಮ್ಮಲ್ಲಿ ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಬೋಟಿಗೆ ಹೋಗುವವರಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೂ ಅಷ್ಟೆ. ಕೆಲಸವೇ ಇಲ್ಲದಾಗ ಬಾಡಿಗೆ ಕೊಟ್ಟು ಇಲ್ಲಿ ಯಾರು ಕೂರುತ್ತಾರೆ? ಇವರು ತಿರುಗಿ ಬಂದಾಗ ನಿಮ್ಮಲ್ಲಿಗೇ ಬರುತ್ತಾರೆಯೇ ಎಂಬುದನ್ನು ನೋಡಿ. ಊರಿಗೆ ಹೋಗದೆ ಎರಡು ಓಣಿಯಾಚೆಯ ಇನ್ನೊಂದು ಲೈನ್ ಮನೆಗೆ, ಜೋಕಟ್ಟೆಗೋ ಕುಳಾಯಿಗೋ ಹೋದವರೇ ನಿಮಗೆ ನಿಜವಾದ ಅಂಕ ಕೊಟ್ಟವರು. ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಲ್ಲಿಗೆ ಹೋದರು ಎಂದು ಒಂದು ವರ್ಷ ಬರೆದಿಡಿ. ಮಗಳ ಪ್ರಾಜೆಕ್ಟಿಗೂ ಅದು ಆ ಫಾರಂಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ರೂಮಿಗೆ ಟೇಪು ಹಿಡಿಯೋಣ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಅಡಿ ಕೇಂದ್ರ ಸರ್ಕಾರ 1980ರಲ್ಲಿ ಮಾಡಿದ ನಿಯಮಗಳಲ್ಲಿ, ಕೆಲಸಗಾರರನ್ನು ಕರೆತಂದವರು ಕೊಡಬೇಕಾದ ವಸತಿಯ ಅಳತೆ ಸ್ಪಷ್ಟವಾಗಿತ್ತು. ಒಂಟಿ ಕೆಲಸಗಾರನಿಗೆ ತಲಾ 6.5 ಚದರ ಮೀಟರ್, ಅಂದರೆ ಸುಮಾರು 70 ಚದರಡಿ ಜಾಗ. ಪ್ರತಿ ಹತ್ತು ಮಂದಿಗೆ ಒಂದು ಶೌಚಾಲಯ, ಒಂದು ಬಚ್ಚಲು. ಸಂಸಾರಕ್ಕೆ ಕನಿಷ್ಠ 10 ಚದರ ಮೀಟರಿನ ಕೋಣೆ, ಮೂರು ಸಂಸಾರಗಳಿಗೆ ಒಂದು ಶೌಚಾಲಯ, ಒಂದು ಬಚ್ಚಲು. ಜೊತೆಗೆ ಜಗಲಿ, ಅಡುಗೆಗೆ ಮಾಡಿನ ಕೆಳಗೆ ಬೇರೆ ಜಾಗ. ಆ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ, ಮತ್ತು ಬಾಡಿಗೆ ಕೊಡುವ ನಿಮಗೆ ಆ ನಿಯಮ ಯಾವತ್ತೂ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದರೆ ಅಳತೆಗೋಲಾಗಿ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ನಿಮ್ಮ ರೂಮು 120 ಚದರಡಿ. ಸಂಸಾರದ ಎರಡು ರೂಮುಗಳು ಈ ಲೆಕ್ಕದಲ್ಲಿ ಪಾಸಾಗುತ್ತವೆ. ಹುಡುಗರ ರೂಮು ಇಬ್ಬರಿಗೂ ಸಾಲದು. ಆರು ಮಂದಿ ಇದ್ದರೆ ತಲೆಗೆ 20 ಚದರಡಿ ಬಂತು. ಆರಡಿ ಉದ್ದ ಮೂರಡಿ ಅಗಲದ ಚಾಪೆ ಬಿಡಿಸಿದರೆ 18 ಚದರಡಿ ಅಲ್ಲೇ ಮುಗಿಯಿತು. ಉಳಿದ ಎರಡು ಚದರಡಿಯಲ್ಲಿ ಅವನ ಬ್ಯಾಗು, ಚಪ್ಪಲಿ, ಸ್ಟವ್, ಅಕ್ಕಿ ಚೀಲ, ನೀರಿನ ಕೊಡ ಇರಬೇಕು. ಶೌಚಾಲಯದ ಲೆಕ್ಕ ಇನ್ನೂ ಕಷ್ಟದ್ದು. ಆರು ರೂಮಿನ ಹುಡುಗರು ಸೇರಿ ಮೂವತ್ತಮೂರು ಎಂದಿಟ್ಟುಕೊಳ್ಳಿ. ಅವರಿಗೇ ನಾಲ್ಕು ಶೌಚಾಲಯ, ನಾಲ್ಕು ಬಚ್ಚಲು ಬೇಕು, ಸಂಸಾರಗಳಿಗೆ ಬೇರೆ ಒಂದೊಂದು. ಇರುವುದು ಮೂರು ಮತ್ತು ಎರಡು.

ಇದನ್ನು ಕಾಗದದ ಮೇಲೆ ಓದುವುದಕ್ಕಿಂತ ಒಂದು ದಿನ ಬೆಳಗ್ಗೆ ಐದರಿಂದ ಏಳರವರೆಗೆ ಹಿತ್ತಿಲ ಕಡೆ ನಿಂತು ನೋಡಿ. ಬಕೆಟ್ ಸಾಲು ಎಷ್ಟು ಉದ್ದ ಇರುತ್ತದೆ, ಎಂಟರ ಶಿಫ್ಟಿಗೆ ಹೋಗಬೇಕಾದವರಲ್ಲಿ ಎಷ್ಟು ಮಂದಿ ಸ್ನಾನ ಬಿಟ್ಟು ಮುಖ ತೊಳೆದು ಓಡುತ್ತಾರೆ, ಆ ಬಾಗಲಕೋಟೆಯ ಹೆಣ್ಣುಮಕ್ಕಳು ಎಷ್ಟು ಗಂಟೆಗೆ ಎದ್ದು ಸ್ನಾನ ಮುಗಿಸಿರುತ್ತಾರೆ ಎಂದು ಗಮನಿಸಿ. ಮೂವತ್ತು ಗಂಡಸರು ಬಳಸುವ ಬಚ್ಚಲಿಗೆ ಹೋಗಬೇಕಾದ ಹೆಂಗಸರು ನಾಲ್ಕು ಗಂಟೆಯ ಕತ್ತಲೆಯಲ್ಲೇ ಎಲ್ಲ ಮುಗಿಸಿಕೊಳ್ಳುತ್ತಾರೆ. ರಾತ್ರಿ ಹೋಗಬೇಕಾಗಬಾರದೆಂದು ಸಂಜೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇದ್ದಾರೆ. ನಿಮ್ಮ ಮಗಳ ಫಾರಂ ತುಂಬಿದ್ದು ಗಂಡಸರೇ ಆಗಿದ್ದರೆ ಈ ಮಾತು ಅದರಲ್ಲಿ ಬಂದಿರಲು ಸಾಧ್ಯವಿಲ್ಲ. ದಯವಿಟ್ಟು ಮೊದಲ ಖರ್ಚು ಇಲ್ಲೇ ಮಾಡಿ. ಸಂಸಾರಗಳ ರೂಮಿಗೆ ಹತ್ತಿರವಾಗಿ ಒಳಗಿಂದ ಚಿಲಕ ಹಾಕುವ ಒಂದು ಶೌಚಾಲಯ, ಒಂದು ಬಚ್ಚಲು, ಅಲ್ಲಿಗೆ ಹೋಗುವ ದಾರಿಗೆ ರಾತ್ರಿಯಿಡೀ ಉರಿಯುವ ಒಂದು ಬಲ್ಬು. ಹುಡುಗರ ಕಡೆ ಇನ್ನೊಂದು ಶೌಚಾಲಯ, ಎರಡು ಬಚ್ಚಲು. ಬಚ್ಚಲು ಎಂದರೆ ಕಟ್ಟಡವೇ ಆಗಬೇಕೆಂದಿಲ್ಲ. ಎದೆಯೆತ್ತರದ ಗೋಡೆ ಕಟ್ಟಿಸಿ, ಮೇಲೊಂದು ಶೀಟು ಹೊದಿಸಿ ನಾಲ್ಕು ನಲ್ಲಿ ಇಟ್ಟರೆ ಒಮ್ಮೆಗೆ ನಾಲ್ಕು ಮಂದಿ ಮೀಯುತ್ತಾರೆ. ಶೌಚಾಲಯದ ಪಿಟ್ ಮಾತ್ರ ಸಾಕಷ್ಟು ದೊಡ್ಡದಿದೆಯೇ, ಬಾವಿಯಿಂದ ದೂರ ಇದೆಯೇ ಎಂದು ತಿಳಿದವರಿಂದ ನೋಡಿಸಿ. ಮಳೆಗಾಲದಲ್ಲಿ ನಮ್ಮ ಮಣ್ಣಿನಲ್ಲಿ ನೀರು ಮೇಲಕ್ಕೇರಿ ಪಿಟ್ ಉಕ್ಕುವುದು ನಿಮಗೆ ಗೊತ್ತೇ ಇದೆ.

ನೀರಿನ ಮಾತೂ ಇದಕ್ಕೇ ಸೇರಿದ್ದು. ಮಂಗಳೂರಿಗೆ ನೀರು ತುಂಬೆಯ ಕಿಂಡಿ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. 2019ರ ಬೇಸಿಗೆಯಲ್ಲಿ ಎರಡೂ ಊರುಗಳು ರೇಷನ್ ಲೆಕ್ಕದಲ್ಲಿ ನೀರು ಕುಡಿದವು. ಅಂಥ ದಿನಗಳಲ್ಲಿ ಸ್ವಂತ ಮನೆಯವರು ಹಗಲು ಎದ್ದು ಕೂತು ನೀರು ತುಂಬಿಸಿಕೊಳ್ಳುತ್ತಾರೆ. ಹಗಲೆಲ್ಲ ಕೆಲಸದಲ್ಲಿರುವ ಬಾಡಿಗೆ ರೂಮಿನವನಿಗೆ ನೀರು ಬರುವ ಹೊತ್ತಿಗೆ ನಿಲ್ಲಲು ಯಾರೂ ಇರುವುದಿಲ್ಲ. ಆದ್ದರಿಂದ ಟ್ಯಾಂಕಿ ದೊಡ್ಡದಾಗಿರಲಿ, ಪಂಪು ಹಾಕುವ ಜವಾಬ್ದಾರಿ ನಿಮ್ಮದೇ ಆಗಿರಲಿ, ಮತ್ತು ಯಾವ ಹೊತ್ತಿಗೆ ನೀರು ಬಿಡುತ್ತೇವೆ ಎಂಬುದನ್ನು ಹಿಂದಿಯಲ್ಲಿ, ಬಂಗಾಳಿಯಲ್ಲಿ, ಕನ್ನಡದಲ್ಲಿ ಬರೆದು ಹಾಕಿ.

ಟ್ಯಾಂಕಿಗೆ ಸರಿಯಾದ ಮುಚ್ಚಳ ಬೇಕು. 1990ರ ದಶಕದಿಂದ ಮಂಗಳೂರಿಗೆ ಮಲೇರಿಯಾ ಅಂಟಿಕೊಂಡಿದ್ದು ಕಟ್ಟಡಗಳು ಏಳುತ್ತಿದ್ದಂತೆಯೇ. ಇಲ್ಲಿ ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಗದ್ದೆ, ಹಳ್ಳಕ್ಕಿಂತ ಟ್ಯಾಂಕಿಯಲ್ಲಿ, ಬಾವಿಯಲ್ಲಿ, ಸ್ಲ್ಯಾಬಿನ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ ಮರಿ ಮಾಡುತ್ತದೆ. 2015ರಿಂದ ಪಾಲಿಕೆ ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋಗಿ ಪ್ರಕರಣ ದಾಖಲಿಸುವ ವ್ಯವಸ್ಥೆ ತಂದ ಮೇಲೆ ರೋಗ ಸಾಕಷ್ಟು ಇಳಿದಿದೆ. ಆದರೂ ಹೊರಗಿನಿಂದ ಬಂದ ಕೆಲಸಗಾರರೇ ಮಲೇರಿಯಾ ತಂದರು ಎಂದು ಈಗಲೂ ಕೆಲವರು ಹೇಳುತ್ತಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಸೊಳ್ಳೆ ಹುಟ್ಟಿದ್ದು ನಮ್ಮ ಟ್ಯಾಂಕಿಯಲ್ಲಿ, ಜ್ವರ ಬಂದರೆ ಕೂಲಿ ತಪ್ಪುವುದು ಅವರಿಗೆ. ಕಿಟಕಿಗೆ ಬಲೆ, ಸೊಳ್ಳೆ ಪರದೆ ಕಟ್ಟಲು ಗೋಡೆಯಲ್ಲಿ ನಾಲ್ಕು ಕೊಕ್ಕೆ ಹಾಕಿಸಿಕೊಡಿ. ಇದಕ್ಕೆ ಆಗುವ ಖರ್ಚು ಟೈಲ್ಸಿನ ಒಂದು ಪೆಟ್ಟಿಗೆಯಷ್ಟೂ ಇಲ್ಲ.

ಅಡುಗೆಗೆ ಬರೋಣ. ರೂಮಿನೊಳಗೇ ಸ್ಟವ್ ಇಟ್ಟುಕೊಂಡಿದ್ದಾರೆಂದು ನಿಮ್ಮ ವಿವರದಿಂದ ಊಹಿಸುತ್ತೇನೆ. ಆರು ಮಂದಿ ಮಲಗುವ ಕೋಣೆಯಲ್ಲಿ, ಚಾಪೆಯಿಂದ ಒಂದು ಗೇಣು ದೂರದಲ್ಲಿ, ಅಂಗಡಿಯಲ್ಲಿ ಕದ್ದು ತುಂಬಿಸಿದ ಚಿಕ್ಕ ಸಿಲಿಂಡರ್ ಇದ್ದರೆ ನೀವು ನೆಮ್ಮದಿಯಾಗಿ ಮಲಗಲಾರಿರಿ. ಗ್ಯಾಸ್ ಏಜೆನ್ಸಿಗಳಲ್ಲಿ ಐದು ಕೆ.ಜಿ.ಯ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೇ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಈ ವಿಷಯ ನಿಮ್ಮ ಹುಡುಗರಲ್ಲಿ ಬಹಳ ಮಂದಿಗೆ ತಿಳಿದಿರಲಿಕ್ಕಿಲ್ಲ. ನೀವೇ ಹೇಳಿ. ಲೈನಿನ ಒಂದು ತುದಿಯಲ್ಲಿ ಶೀಟು ಇಳಿಸಿ, ಮೂರು ಬದಿ ಅರ್ಧ ಗೋಡೆ ಎತ್ತಿ, ಕಡಪ ಕಲ್ಲಿನ ಕಟ್ಟೆ ಹಾಕಿಸಿದರೆ ಎಲ್ಲರ ಅಡುಗೆಯೂ ಅಲ್ಲಾಗುತ್ತದೆ. ರೂಮಿಗೊಂದು ಬೀಗ ಹಾಕುವ ಗೂಡು ಅಲ್ಲಿರಲಿ, ಇಲ್ಲದಿದ್ದರೆ ಎಣ್ಣೆ, ಮಸಾಲೆಯ ಜಗಳ ನಿಮ್ಮ ಅಂಗಳಕ್ಕೆ ಬರುತ್ತದೆ. ಯಾರು ಏನು ಬೇಯಿಸುತ್ತಾರೆ ಎಂದು ಮೂಗು ಮುಚ್ಚಿಕೊಳ್ಳುವ, ಮೀನು ಮಾಂಸ ಮಾಡಬಾರದು ಎನ್ನುವ ಓನರುಗಳಿದ್ದಾರೆ. ದಿನವಿಡೀ ಮೈ ಮುರಿದು ದುಡಿದವನಿಗೆ ತನ್ನ ಊರಿನ ರುಚಿಯ ಒಂದು ಊಟ ಎಷ್ಟು ದೊಡ್ಡದೆಂದು ಅವರಿಗೆ ಹೇಗೆ ತಿಳಿಸುವುದೋ ನನಗೆ ಗೊತ್ತಿಲ್ಲ.

ಮಾಡಿನ ವಿಷಯ ಕೊನೆಗೆ ಹೇಳುತ್ತೇನೆ, ಅದಕ್ಕಿಂತ ಮೊದಲು ನಿದ್ದೆ. ಬೈಕಂಪಾಡಿಯ ಕಾರ್ಖಾನೆಗಳಲ್ಲಿ ರಾತ್ರಿ ಶಿಫ್ಟು ಇರುತ್ತದೆ. ಒಂದೇ ರೂಮಿನಲ್ಲಿ ಮೂವರು ಹಗಲಿನವರು, ಮೂವರು ರಾತ್ರಿಯವರು ಇದ್ದರೆ ಒಬ್ಬರು ಮಲಗುವಾಗ ಇನ್ನೊಬ್ಬರು ಕುಕ್ಕರ್ ಕೂಗಿಸುತ್ತಾರೆ. ಹಗಲು ಹೊತ್ತು ಯಾರೂ ಇರುವುದಿಲ್ಲ ಎಂದುಕೊಂಡು ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸ ನಿಮಗಿದ್ದರೆ ಇವತ್ತೇ ಬಿಡಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಶೀಟಿನ ಕೆಳಗೆ ಫ್ಯಾನಿಲ್ಲದೆ ಮಧ್ಯಾಹ್ನ ಮಲಗಲು ಯಾರಿಂದಲೂ ಆಗದು, ಮತ್ತು ನಿದ್ದೆಗೆಟ್ಟವನು ರಾತ್ರಿ ಯಂತ್ರದ ಮುಂದೆ ನಿಲ್ಲಬೇಕು. ಶಿಫ್ಟು ನೋಡಿ ರೂಮು ಹಂಚಿ. ಇದಕ್ಕೆ ಒಂದು ಪೈಸೆ ಬೇಡ, ಆದರೆ ಇದರಷ್ಟು ಬೇಗ ವ್ಯತ್ಯಾಸ ಕಾಣಿಸುವುದು ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಊರಿನವರು, ಸಂಬಂಧಿಕರು ಒಂದೇ ರೂಮಿನಲ್ಲಿರಲು ಬಯಸಿದರೆ ಅವರ ಇಷ್ಟ. ಒಬ್ಬನೇ ಬಂದ ಹೊಸ ಹುಡುಗನನ್ನು ಮಾತ್ರ ಕೇಳದೆ ಐವರು ಅಪರಿಚಿತರ ನಡುವೆ ತುರುಕಬೇಡಿ.

ತಲೆಲೆಕ್ಕದ ಬಾಡಿಗೆಯ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ತಲೆಗಿಷ್ಟು ಎಂದರೆ ರೂಮಿಗೆ ಇನ್ನೊಬ್ಬ ಬಂದಷ್ಟೂ ನಿಮಗೆ ಲಾಭ, ಇರುವವರಿಗೆ ಇಕ್ಕಟ್ಟು. ಅವರು ಬೇಡ ಎನ್ನುವಂತಿಲ್ಲ. ರೂಮಿಗಿಷ್ಟು ಎಂದು ನಿಗದಿ ಮಾಡಿದರೆ ಉಳಿತಾಯಕ್ಕಾಗಿ ಅವರೇ ಇನ್ನಿಬ್ಬರನ್ನು ಕರೆದುಕೊಳ್ಳುತ್ತಾರೆ, ಅದೂ ನಿಜ. ಆದರೆ ಆಗ ಯಾರನ್ನು ಕರೆಯಬೇಕು, ಬೇಡ ಎಂಬುದು ಅವರ ಕೈಯಲ್ಲಿರುತ್ತದೆ, ಮತ್ತು ನಾಲ್ಕಕ್ಕಿಂತ ಹೆಚ್ಚು ಬೇಡ ಎಂದು ನೀವು ಮಿತಿ ಹಾಕಬಹುದು. ನಾಲ್ಕು ಮಂದಿಗೆ ತಲಾ 30 ಚದರಡಿ. 1980ರ ಅಳತೆಯ ಅರ್ಧವೂ ಆಗಲಿಲ್ಲ, ಆದರೂ ಚಾಪೆಗಳ ನಡುವೆ ಕಾಲಿಡಲು ದಾರಿ ಸಿಗುತ್ತದೆ. ನಿಮ್ಮ ತಿಂಗಳ ವರಮಾನ ಮೊದಲು ಸ್ವಲ್ಪ ಇಳಿಯುತ್ತದೆ, ಅದನ್ನು ಮರೆಮಾಚಿ ಹೇಳುವುದಿಲ್ಲ. ಖಾಲಿ ಬೀಳುವ ತಿಂಗಳುಗಳನ್ನು ಲೆಕ್ಕ ಹಾಕಿ ನೋಡಿದರೆ ನಷ್ಟ ನೀವಂದುಕೊಂಡಷ್ಟು ಇರಲಿಕ್ಕಿಲ್ಲ.

ಇದರ ಜೊತೆಗೆ ಬಾಡಿಗೆಗೆ ರಸೀದಿ ಕೊಡಿ, ಒಂದು ಪುಟದ ಕರಾರಾದರೂ ಮಾಡಿ. ಅಡ್ವಾನ್ಸ್ ಯಾವಾಗ ವಾಪಸು, ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಎರಡು ತಿಂಗಳು ಊರಿಗೆ ಹೋದರೆ ರೂಮು ಉಳಿಯುತ್ತದೆಯೇ ಎಂಬುದು ಅದರಲ್ಲಿರಲಿ. ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡಬೇಕಾದಾಗ ಆಧಾರ್‌ನ ಪ್ರತಿ ಸಾಕು, ಮೂಲ ಕಾರ್ಡು ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಸಂಸಾರಗಳಿಗೆ ಈ ಕರಾರಿನಿಂದ ಇನ್ನೂ ಹಲವು ಬಾಗಿಲು ತೆರೆಯುತ್ತವೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುವ ಯೋಜನೆ, ಅದಕ್ಕೆ ಆ ಮನೆಯಲ್ಲಿದ್ದೇನೆ ಎಂಬ ದಾಖಲೆ ಬೇಕು. ಮಕ್ಕಳನ್ನು ಶಾಲೆಗೆ ಸೇರಿಸಲು ಮಾತ್ರ ಯಾವ ಕಾಗದಕ್ಕೂ ಕಾಯಬೇಕಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಆ ತಾಯಂದಿರಿಗೆ ಇದನ್ನು ಯಾರಾದರೂ ಹೇಳಬೇಕು. ನಿಮ್ಮ ಮಗಳೇ ಹೇಳಿದರೆ ಎಷ್ಟು ಚೆನ್ನ.

ಕಂಟ್ರಾಕ್ಟರ್ ಹಿಡಿದ ಎರಡು ರೂಮುಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ಉಳಿದವರು ಸಿಟ್ಟು ಬಂದರೆ ನಿಮ್ಮನ್ನು ಬಿಟ್ಟು ಹೋಗಬಲ್ಲರು. ಈ ಹುಡುಗರು ಹೋಗಲಾರರು. ಅವರಿಗೆ ಕೆಲಸ ಕೊಟ್ಟವರೂ ಮನೆ ಕೊಟ್ಟವರೂ ಒಬ್ಬರೇ, ಕೆಲಸ ಹೋದ ಸಂಜೆಯೇ ಸೂರೂ ಹೋಗುತ್ತದೆ. ಕೂಲಿ ಬಾಕಿ ಕೇಳಲು, ನೀರಿಲ್ಲ ಎಂದು ದೂರಲು ಅವರು ಹಿಂಜರಿಯುವುದು ಇದಕ್ಕೇ. ನಿರ್ಮಾಣ ಸ್ಥಳದ ಲೇಬರ್ ಶೆಡ್ಡುಗಳಲ್ಲೂ ಇದೇ ಕಥೆ. 2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಆ ಮೇ ತಿಂಗಳಲ್ಲಿ ಊರಿಗೆ ಕಳಿಸಿ ಎಂದು ನೂರಾರು ಕಾರ್ಮಿಕರು ಮಂಗಳೂರಿನ ರೈಲು ನಿಲ್ದಾಣದ ಮುಂದೆ ಬಂದು ಕೂತರು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಮಾಲೀಕರು ಕೆಲಸ ಮುಗಿಯುವವರೆಗೆ ಉಚಿತವಾಗಿ ವಸತಿ ಕೊಡಬೇಕಿತ್ತು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು ಬೇರೆ ಬೇರೆ ಜಾಗ ಸಮೇತ. ಆ ಕಾಯ್ದೆಯೂ ಈಗ 2020ರ ಸಂಹಿತೆಯಲ್ಲಿ ಸೇರಿದೆ. ನಿಮ್ಮ ಕಂಟ್ರಾಕ್ಟರ್ ಹುಡುಗರ ಕೂಲಿಯಲ್ಲಿ ಬಾಡಿಗೆ ಮುರಿದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಹೌದಾದರೆ, ಮುಂದಿನ ಸಲ ಕರಾರು ಮಾಡುವಾಗ ಅದು ಕೂಡದು ಎಂದು ಹೇಳುವ ಹಕ್ಕು ನಿಮಗಿದೆ. ಆ ರೂಮುಗಳಲ್ಲಿ ಎಷ್ಟು ಮಂದಿ ಇರಬೇಕೆಂಬುದನ್ನೂ ನೀವೇ ನಿಗದಿ ಮಾಡಿ, ಅವರಿಗೆ ಬಿಡಬೇಡಿ.

ಇಷ್ಟೆಲ್ಲ ಭಾರ ಒಬ್ಬ ಲೈನ್ ಮನೆಯ ಓನರ ಮೇಲೆ ಬೀಳಬಾರದು ಎಂಬುದನ್ನೂ ಒಪ್ಪುತ್ತೇನೆ. ಕೇರಳ ಸರ್ಕಾರ ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ‘ಅಪ್ನಾ ಘರ್’ ಎಂಬ 620 ಹಾಸಿಗೆಗಳ ವಸತಿಗೃಹ ಕಟ್ಟಿಸಿ 2019ರಲ್ಲಿ ವಲಸೆ ಕಾರ್ಮಿಕರಿಗೆ ತೆರೆಯಿತು. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ತಂದಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು, ಸ್ವಂತ ಜಾಗ ಇರುವ ಸಂಸ್ಥೆಗಳು ಹೊಸದಾಗಿ ಕಟ್ಟಿ 25 ವರ್ಷ ಬಾಡಿಗೆಗೆ ನಡೆಸುವುದು, ಹೀಗೆ ಎರಡು ದಾರಿ ಅದರಲ್ಲಿದ್ದವು. ಬಂದರು, ತೈಲಾಗಾರ, ವಿಶೇಷ ಆರ್ಥಿಕ ವಲಯ, ಮೀನಿನ ಕಾರ್ಖಾನೆಗಳು ಎಲ್ಲ ಇರುವ ಮಂಗಳೂರಿನ ಉತ್ತರ ಭಾಗಕ್ಕೆ ಅಂಥ ವಸತಿ ಬೇಕೇ ಬೇಕು. ನಿಮ್ಮ ವಾರ್ಡಿನ ಸಭೆಯಲ್ಲಿ ಇದನ್ನು ಎತ್ತಿ.

ಕೊನೆಗೆ ಮಾಡು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಜಾರ್ಖಂಡಿನ ಹುಡುಗ ಇಂಥ ಮಳೆ ಕಂಡಿರುವುದಿಲ್ಲ. ಜುಲೈಯಲ್ಲಿ ನಿಮ್ಮ ಯಾವ ರೂಮಿಗೆ ಇಣುಕಿದರೂ ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಒಣಗದ ಪ್ಯಾಂಟು, ಅದರ ಕೆಳಗೆ ಮಲಗಿದವರು. ಎರಡೇ ಜೊತೆ ಕೆಲಸದ ಬಟ್ಟೆ ಇರುವವನು ಹಸಿಯದನ್ನೇ ಹಾಕಿಕೊಂಡು ಹೋಗುತ್ತಾನೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದು ತಿಂಗಳುಗಟ್ಟಲೆ ಕಾಡುತ್ತದೆ. ಶೀಟು ಬದಲಿಸುವಷ್ಟು ಹಣ ಇಲ್ಲದಿದ್ದರೆ ಜಗಲಿಯ ಮಾಡನ್ನು ಇನ್ನು ಐದಡಿ ಮುಂದಕ್ಕೆ ತಂದು, ಲೈನಿನ ಉದ್ದಕ್ಕೂ ಬಟ್ಟೆ ಒಣಗಿಸಲು ತಂತಿ ಕಟ್ಟಿಸಿ. ಒಡೆದ ಶೀಟು, ಸಡಿಲ ನಟ್ಟು ಎಲ್ಲ ಮೇ ತಿಂಗಳ ಹದಿನೈದರೊಳಗೆ ಸರಿಮಾಡಿಸಿ. ಹೊಸದಾಗಿ ಹೊದಿಸುವುದಾದರೆ ಹಂಚು ಹೆಚ್ಚು ತಂಪು.

ಲೈನಿನ ಹಿಂದೆ ಗುಡ್ಡ ಕಡಿದ ದರೆ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಉಳಿದೆಲ್ಲವನ್ನೂ ಬದಿಗಿಟ್ಟು ಮೊದಲು ಅದನ್ನು ನೋಡಿ. 2022ರ ಜುಲೈನಲ್ಲಿ ಬಂಟ್ವಾಳ ತಾಲೂಕಿನ ಪಂಜಿಕಲ್ಲಿನಲ್ಲಿ ರಬ್ಬರ್ ತೋಟದ ಕೆಲಸಕ್ಕೆ ಬಂದು ಉಳಿದುಕೊಂಡಿದ್ದ ಕೇರಳದ ಮೂವರು ಗುಡ್ಡ ಕುಸಿದು ಸತ್ತರು. ಹಗಲೆಲ್ಲ ದುಡಿದು ಬಂದು ಮಲಗುವವರಿಗೆ ಯಾವ ಗುಡ್ಡ ಹಿಂದಿನ ವರ್ಷ ಬಿರುಕು ಬಿಟ್ಟಿತ್ತು ಎಂಬುದು ತಿಳಿದಿರುವುದಿಲ್ಲ, ಊರವರಾದ ನಮಗೆ ತಿಳಿದಿರುತ್ತದೆ. ದರೆಗೆ ತಾಗಿದ ರೂಮುಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಬಿಡಿ, ಬಾಡಿಗೆ ಹೋದರೆ ಹೋಗಲಿ.

ನಿಮ್ಮ ಮಗಳಿಗೆ ಒಂದು ಮಾತು. ಅಂಕ ಕೇಳುವುದನ್ನು ಬಿಟ್ಟು, ಹಿಂದಿ ಅಥವಾ ಬಂಗಾಳಿ ಬಲ್ಲ ಸಹಪಾಠಿಯೊಬ್ಬರನ್ನು ಕಳಿಸಿ ಬೇರೆ ಪ್ರಶ್ನೆ ಕೇಳಿಸಲಿ, ಮೇಸ್ತ್ರಿ ಹತ್ತಿರ ಇಲ್ಲದಾಗ. ನಿನ್ನ ತಮ್ಮ ಕೆಲಸಕ್ಕೆ ಬಂದರೆ ಇದೇ ರೂಮಿಗೆ ಕರೆಯುತ್ತೀಯಾ? ಜ್ವರ ಬಂದ ದಿನ ಎಲ್ಲಿ ಮಲಗಿದೆ, ಯಾರು ಗಂಜಿ ಕೊಟ್ಟರು? ದುಡ್ಡು ಎಲ್ಲಿಡುತ್ತೀಯ? ಕಳೆದ ಜೂನ್‌ನಲ್ಲಿ ನೀರು ಒಳಗೆ ಬಂದಾಗ ಯಾರಿಗೆ ಹೇಳಿದೆ, ಹೇಳಿದ ಮೇಲೆ ಏನಾಯಿತು? ಹೆಂಗಸರನ್ನು ಹೆಂಗಸರೇ, ಗಂಡಂದಿರಿಲ್ಲದಾಗ ಕೇಳಲಿ. ಬಂದ ಉತ್ತರಗಳನ್ನು ನನಗೆ ಕಳಿಸಿ, ರಿಪೇರಿಯ ಪಟ್ಟಿಯಲ್ಲಿ ಯಾವುದು ಮೊದಲು ಎಂಬುದನ್ನು ಅದನ್ನು ನೋಡಿ ಮತ್ತೊಮ್ಮೆ ಹೇಳುತ್ತೇನೆ. ಬಚ್ಚಲಿನ ಕೆಲಸವನ್ನು ಮಾತ್ರ ಅಲ್ಲಿಯವರೆಗೆ ನಿಲ್ಲಿಸಬೇಡಿ.